ಪೇಟೆಯ ಗಣಿತಗಾರನ ದಿನಚರಿ

ಪ್ರತಿ ವರ್ಷವೂ ಹತ್ತನೆಯ ತರಗತಿಯ ಪರೀಕ್ಷೆಗಳು ಮುಗಿದು ಫಲಿತಾಂಶದ ದಿನ ಸಮೀಪಿಸುತ್ತಲೆ ನಮ್ಮ ಶಾಲೆಯ ಬಾಗಿಲಿಗೆ ತಾಯಿತಂದೆಗಳು ಬರುವುದುಂಟು. ಎಲ್ಲರದೂ ಒಂದೇ ಪ್ರಶ್ನೆ: ಮಗುವನ್ನು ಮುಂದೆ ಯಾವ ದಾರಿಗೆ ಹಚ್ಚಬೇಕು? ಹಿಂದೆ ಈ ಪ್ರಶ್ನೆಗೆ ಉತ್ತರ ಕೊಡುವುದು ನಮಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಶಿಕ್ಷಕವೃತ್ತಿ, ರೈಲ್ವೆ, ಬ್ಯಾಂಕು, ವೈದ್ಯಕೀಯ, ಎಂಜಿನಿಯರಿಂಗ್ ಎಂದು ಬೆರಳು ಮಡಿಚಿ ಎಣಿಸಿ ಹೇಳುತ್ತಿದ್ದೆವು. ಈಚೆಗೆ ಈ ಪಟ್ಟಿಗೆ ಹೊಸದೊಂದು ಹೆಸರು ಸೇರಿದೆ. ಗಣಿತದಲ್ಲಿ ಚುರುಕಾದ ಹುಡುಗರು "ನಾವು ಕ್ವಾಂಟ್ ಆಗುತ್ತೇವೆ" ಎನ್ನುತ್ತಾರೆ. ಆ ವೃತ್ತಿಯಲ್ಲಿ ಸಂಬಳ ದೊಡ್ಡದೆಂಬ ಸುದ್ದಿ ಎಲ್ಲರ ಕಿವಿಗೂ ಬಿದ್ದಿದೆ. ಆ ಸಂಬಳಕ್ಕಾಗಿ ದಿನದ ಎಷ್ಟು ಗಂಟೆಗಳನ್ನು, ಅದರಲ್ಲಿಯೂ ಯಾವ ಗಂಟೆಗಳನ್ನು ಕೊಡಬೇಕಾಗುವುದೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾವು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಊರು ಬಿಟ್ಟು, ಸಾಬರಮತಿಯ ತಟದ ಈ ನಗರಕ್ಕೆ ಬಂದು ಕನ್ನಡ ಕಲಿಸುತ್ತಿರುವವರು. ನಮ್ಮ ಗಣಿತ ಚಕ್ರಬಡ್ಡಿಯ ಹೊಸ್ತಿಲಲ್ಲಿಯೇ ನಿಂತುಹೋಯಿತು. ಆದರೂ ಈ ವಿಷಯವನ್ನು ಕುರಿತು ಬರೆಯಲು ಕಾರಣವೊಂದುಂಟು. ನಮ್ಮಲ್ಲಿ ಓದಿದ ವಿದ್ಯಾರ್ಥಿಯೊಬ್ಬ ನಮ್ಮ ಮಾತನ್ನು ನಂಬಿ ಈ ವೃತ್ತಿಗೆ ಹೋದನು. ಎರಡು ವರ್ಷಗಳ ತರುವಾಯ ಅವನ ತಂದೆ ಬಂದು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಆಗ ನಮಗೆ ಉತ್ತರ ತೋಚಲಿಲ್ಲ. ಅಂದಿನಿಂದ ಆ ಹುಡುಗನನ್ನೂ ಅವನ ಜೊತೆಯವರನ್ನೂ ವಿಚಾರಿಸಿ, ಪುಸ್ತಕಗಳನ್ನು ತಿರುವಿ ತಿಳಿದುಕೊಂಡುದನ್ನು ಇಲ್ಲಿ ಪಾಠದ ರೂಪದಲ್ಲಿ ಇಡುತ್ತಿದ್ದೇವೆ. ಆ ತಂದೆಯ ಪ್ರಶ್ನೆಯನ್ನು ಅದರ ಸ್ಥಳದಲ್ಲಿ ಹೇಳುವೆವು.

೧. ಈ ವೃತ್ತಿ ಎಂದರೇನು?

ನಾಳೆ ಹತ್ತಿಯ ಬೆಲೆ ಏರುವುದೋ ಇಳಿಯುವುದೋ ಎಂಬುದನ್ನು ಖಚಿತವಾಗಿ ಬಲ್ಲವರು ಯಾರೂ ಇಲ್ಲ. ಆದರೆ ಏನೇನು ಆಗಬಹುದು ಎಂಬುದನ್ನು ಎಣಿಸಬಹುದು. ಒಂದೊಂದು ಆಗುವುದಕ್ಕೂ ಎಷ್ಟು ಸಂಭವವೆಂಬುದನ್ನು ಅಳೆಯಬಹುದು. ಷೇರು, ಸಾಲಪತ್ರ, ವಿದೇಶೀ ಹಣ, ವಾಯಿದೆ ವ್ಯವಹಾರ ಮೊದಲಾದವುಗಳಲ್ಲಿ ಹೀಗೆ ಎಣಿಸಿ, ಅಳೆದು, ಆ ಲೆಕ್ಕವನ್ನು ಗಣಕಯಂತ್ರಕ್ಕೆ ಕಲಿಸಿ, ಕೊಳ್ಳುವ ಮಾರುವ ತೀರ್ಮಾನಕ್ಕೆ ನೆರವಾಗುವವನೇ ಕ್ವಾಂಟ್. ನಾವು ಅವನನ್ನು ಪೇಟೆಯ ಗಣಿತಗಾರನೆಂದು ಕರೆಯೋಣ.

ಸಂಭವವನ್ನು ಅಳೆಯುವ ಮೊದಲು ಪ್ರಕಾರಗಳನ್ನು ಎಣಿಸಲು ಬರಬೇಕು. ಇದು ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ಛಂದಸ್ಸಿನ ಪಾಠವನ್ನು ನೆನಪಿಸಿಕೊಳ್ಳಿರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ನಾಲ್ಕೂ ಲಘು ಇರಬಹುದು. ಒಂದು ಗುರು ಎರಡು ಲಘುವಿದ್ದರೆ ಗುರು ಮೊದಲು, ನಡುವೆ, ಕೊನೆಗೆ ಎಂದು ಮೂರು ಬಗೆ. ಎರಡೂ ಗುರು ಇರಬಹುದು. ಒಟ್ಟು ಐದು. ಮಾತ್ರೆಗಳು ಒಂದರಿಂದ ಆರರವರೆಗೆ ಏರಿದಂತೆ ಬಗೆಗಳು 1, 2, 3, 5, 8, 13 ಆಗುತ್ತವೆ. ಮೂರನೆಯದರಿಂದ ಮುಂದೆ ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನ ಎರಡರ ಮೊತ್ತವೆಂಬುದನ್ನು ಗಮನಿಸಿರಿ. ಈ ನಿಯಮವನ್ನು ಇದೇ ಗುಜರಾತಿನಲ್ಲಿ, ಪಾಟಣದ ಚಾಲುಕ್ಯರ ಆಸ್ಥಾನದಲ್ಲಿದ್ದ ಹೇಮಚಂದ್ರಾಚಾರ್ಯರು ಸುಮಾರು 1150ರಲ್ಲಿ ತಮ್ಮ ಛಂದಸ್ಸಿನ ಗ್ರಂಥದಲ್ಲಿ ಹೇಳಿದ್ದಾರೆ. ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳನ್ನು ಎಣಿಸುವ ಸೂತ್ರವನ್ನು ಕೊಟ್ಟರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು. ಕನ್ನಡದಲ್ಲಿ ಕಲಿತವನಿಗೆ ಈ ಶಾಸ್ತ್ರ ಎಟುಕದೆಂಬ ಭಯ ನಿರಾಧಾರವೆಂದು ತಿಳಿಸುವುದಕ್ಕಾಗಿ ಇಷ್ಟು ಹೇಳಬೇಕಾಯಿತು.

ಪೇಟೆಯ ಬೆಲೆಗಳಿಗೆ ಸಂಭವಗಣಿತವನ್ನು ಹಚ್ಚಿ ನೋಡಿದ ಮೊದಲಿಗರಲ್ಲಿ ಒಬ್ಬನು ಫ್ರಾನ್ಸಿನ ಲೂಯಿ ಬಾಷೆಲಿಯೆ. ಅವನ ಪ್ರಬಂಧ 1900ರಲ್ಲಿ ಪ್ಯಾರಿಸಿನಲ್ಲಿ ಅಂಗೀಕೃತವಾಯಿತು. 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಎಂಬವರು ಆಪ್ಷನ್ ಎಂಬ ಕರಾರಿಗೆ ಬೆಲೆ ಕಟ್ಟುವ ಸೂತ್ರವನ್ನು ಪ್ರಕಟಿಸಿದರು. ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಇಬ್ಬರಿಗೂ 1997ರಲ್ಲಿ ನೊಬೆಲ್ ಗೌರವ ದೊರೆಯಿತು. ಮರುವರ್ಷವೇ, 1998ರಲ್ಲಿ, ಅವರಿಬ್ಬರೂ ಪಾಲುದಾರರಾಗಿದ್ದ ಅಮೆರಿಕದ ಹೂಡಿಕೆ ಸಂಸ್ಥೆ ಭಾರೀ ನಷ್ಟದಲ್ಲಿ ಕುಸಿಯಿತು. ಸೂತ್ರ ಬಲ್ಲವನೂ ತಪ್ಪಬಲ್ಲನೆಂಬುದು ಈ ವೃತ್ತಿಯ ಮೊದಲನೆಯ ಪಾಠ.

ಎರಡನೆಯ ಪಾಠವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯೋಣ. ಒಬ್ಬನು ನೂರು ವ್ಯವಹಾರ ಮಾಡುತ್ತಾನೆ. ಐವತ್ತೊಂದರಲ್ಲಿ ತಲಾ ಒಂದು ರೂಪಾಯಿ ಲಾಭ, ನಲವತ್ತೊಂಬತ್ತರಲ್ಲಿ ತಲಾ ಒಂದು ರೂಪಾಯಿ ನಷ್ಟ. ಉಳಿದುದು ಎರಡು ರೂಪಾಯಿ. ಪ್ರತಿ ವ್ಯವಹಾರಕ್ಕೂ ದಲ್ಲಾಳಿ, ತೆರಿಗೆ ಎಂದು ಮೂರು ಪೈಸೆ ಖರ್ಚಾದರೆ ನೂರಕ್ಕೆ ಮೂರು ರೂಪಾಯಿ ಆಯಿತು. ಗೆದ್ದಂತೆ ಕಂಡವನು ಒಂದು ರೂಪಾಯಿ ಕಳೆದುಕೊಂಡನು! ಗಣಿತಗಾರನ ಇಡೀ ಬಾಳು ಈ ಐವತ್ತೊಂದಕ್ಕೂ ನಲವತ್ತೊಂಬತ್ತಕ್ಕೂ ನಡುವಣ ಕಿರುದಾರಿಯಲ್ಲಿ ಸಾಗುವುದು. ಪೈಸೆಯ ತಪ್ಪನ್ನೂ ಅವನು ಕಡೆಗಣಿಸುವಂತಿಲ್ಲ. ಅವನ ದಿನ ದೀರ್ಘವಾಗಲು ಇದೇ ಮೂಲಕಾರಣ.

೨. ಗುಜರಾತಿನ ಪೇಟೆಗಳು

ಈ ವೃತ್ತಿ ಗುಜರಾತಿನಲ್ಲಿ ಆಕಾಶದಿಂದ ಇಳಿದುದಲ್ಲ. ಇಲ್ಲಿಯ ನೆಲಕ್ಕೆ ಲೆಕ್ಕದ ಗುಣ ಹಳೆಯದು. ಇಂಗ್ಲಿಷರು 1613ರಲ್ಲಿ ಕೋಠಿ ತೆರೆದ ಸೂರತ್ತಿನಲ್ಲಿ ಹುಂಡಿಗಳ ಮೂಲಕ ದೂರದೂರಿಗೆ ಹಣ ಸಾಗುತ್ತಿತ್ತು. ಅಲ್ಲಿಯ ವರ್ತಕ ವೀರಜಿ ವೋರಾ ಆ ಇಂಗ್ಲಿಷ್ ಕಂಪನಿಗೇ ಸಾಲ ಕೊಟ್ಟವನು. ಬಡೋದೆಯಲ್ಲಿ, ಎಂದರೆ ಇಂದಿನ ವಡೋದರಾದಲ್ಲಿ, ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1908ರಲ್ಲಿ ಬ್ಯಾಂಕ್ ಆಫ್ ಬರೋಡಾವನ್ನು ಸ್ಥಾಪಿಸಿದರು. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲರ ಬಟ್ಟೆಯ ಗಿರಣಿ 1861ರಲ್ಲಿ ನಡೆಯತೊಡಗಿತು. ಗಿರಣಿಗಳು ಹೆಚ್ಚಿದಂತೆ ಅವುಗಳ ಷೇರುಗಳ ವ್ಯಾಪಾರವೂ ಹೆಚ್ಚಿತು. 1894ರಲ್ಲಿ ಇಲ್ಲಿಯ ದಲ್ಲಾಳಿಗಳು ಸಂಘ ಕಟ್ಟಿಕೊಂಡರು. 1875ರ ಮುಂಬಯಿ ಪೇಟೆಯ ತರುವಾಯ ದೇಶದ ಎರಡನೆಯ ಷೇರುಪೇಟೆ ಇದೇ. ಮಾಣೇಕ್ ಚೌಕಿನಲ್ಲಿ ಅದರ ಹಳೆಯ ಕಟ್ಟಡವಿದೆ. ವಡೋದರಾದಲ್ಲಿಯೂ 1990ರಲ್ಲಿ ಒಂದು ಷೇರುಪೇಟೆ ಹುಟ್ಟಿತು.

ಆ ಪೇಟೆಗಳಲ್ಲಿ ವ್ಯಾಪಾರ ಬಾಯಿಮಾತಿನಿಂದ, ಕೈಸನ್ನೆಯಿಂದ ನಡೆಯುತ್ತಿತ್ತು. 1994ರಲ್ಲಿ ಮುಂಬಯಿಯ ರಾಷ್ಟ್ರೀಯ ಷೇರುಪೇಟೆಯು ಗಣಕಯಂತ್ರದ ಪರದೆಯ ಮೇಲೆ ವ್ಯಾಪಾರ ಆರಂಭಿಸಿತು. ಯಾವ ಊರಿನಲ್ಲಿ ಕುಳಿತರೂ ಮುಂಬಯಿಯ ಬೆಲೆಗೇ ಕೊಳ್ಳಬಹುದೆಂದ ಮೇಲೆ ಊರೂರಿನ ಪೇಟೆಗೆ ಯಾರು ಹೋಗುವರು? 2012ರಲ್ಲಿ ಸೆಬಿಯು ಹೊರಡಿಸಿದ ನಿಯಮಗಳ ತರುವಾಯ ಪ್ರಾದೇಶಿಕ ಪೇಟೆಗಳು ಒಂದೊಂದಾಗಿ ಮುಚ್ಚಿದವು. ವಡೋದರಾದ್ದೂ ಅಹಮದಾಬಾದಿನದೂ ಅವುಗಳೊಡನೆ ಹೋದವು.

ಹಳೆಯದು ಹೋದಲ್ಲಿ ಹೊಸದೊಂದು ಬಂದಿತು. ಅಹಮದಾಬಾದಿಗೂ ಗಾಂಧೀನಗರಕ್ಕೂ ನಡುವೆ ಸಾಬರಮತಿಯ ದಡದಲ್ಲಿ ಗಿಫ್ಟ್ ಸಿಟಿ ಎಂಬ ಹಣಕಾಸಿನ ನಗರವೆದ್ದಿದೆ. ದೇಶದ ಮೊದಲನೆಯ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ ಅಲ್ಲಿ 2015ರಲ್ಲಿ ಕೆಲಸ ಆರಂಭಿಸಿತು. 2017ರ ಜನವರಿಯಲ್ಲಿ ಇಂಡಿಯಾ ಐ.ಎನ್.ಎಕ್ಸ್. ಎಂಬ ಪೇಟೆ ತೆರೆಯಿತು. 2023ರ ಜುಲೈ 3ರಂದು, ಅದುವರೆಗೆ ಸಿಂಗಪುರದಲ್ಲಿ ನಡೆಯುತ್ತಿದ್ದ ನಿಫ್ಟಿ ವಾಯಿದೆ ವ್ಯಾಪಾರ 'ಗಿಫ್ಟ್ ನಿಫ್ಟಿ' ಎಂಬ ಹೆಸರಿನಿಂದ ಇಲ್ಲಿಗೆ ಬಂದಿತು. ಇಲ್ಲಿಯ ವ್ಯವಹಾರ ರೂಪಾಯಿಯಲ್ಲಲ್ಲ, ಡಾಲರಿನಲ್ಲಿ. ಗಿರಾಕಿಗಳು ಹೊರದೇಶದವರು. ಆದುದರಿಂದ ಗಡಿಯಾರವೂ ನಮ್ಮೊಬ್ಬರದೇ ಆಗಿ ಉಳಿಯಲಿಲ್ಲ.

೩. ಮೂರು ಗಡಿಯಾರಗಳು

ಮುಂಬಯಿಯ ಷೇರುಪೇಟೆ ಬೆಳಗ್ಗೆ 9-15ಕ್ಕೆ ತೆರೆದು ಮಧ್ಯಾಹ್ನ 3-30ಕ್ಕೆ ಮುಚ್ಚುವುದು. ಒಟ್ಟು ಆರೂಕಾಲು ಗಂಟೆ. ಇದು ಮೊದಲನೆಯ ಗಡಿಯಾರ. ಶಾಲೆಗಿಂತ ಹೆಚ್ಚೇನೂ ಅಲ್ಲವೆಂದು ನೀವು ನಗಬಹುದು. ಆದರೆ ಅಂಗಡಿ ತೆರೆದಿರುವ ಹೊತ್ತೇ ಅಂಗಡಿಕಾರನ ದುಡಿಮೆಯ ಹೊತ್ತಲ್ಲ.

ಎರಡನೆಯದು ಗಿಫ್ಟ್ ನಿಫ್ಟಿಯ ಗಡಿಯಾರ. ಅದು ಆರಂಭವಾದಾಗ ಗೊತ್ತುಪಡಿಸಿದ ಮೊದಲ ಪಾಳಿ ಬೆಳಗ್ಗೆ 6-30ರಿಂದ ಮಧ್ಯಾಹ್ನ 3-40ರವರೆಗೆ. ಎರಡನೆಯ ಪಾಳಿ ಸಂಜೆ 4-35ರಿಂದ ನಡುರಾತ್ರಿ ಕಳೆದು 2-45ರವರೆಗೆ. ಕೂಡಿಸಿ ನೋಡಿರಿ: ಹತ್ತೊಂಬತ್ತು ಗಂಟೆ ಇಪ್ಪತ್ತು ನಿಮಿಷ. ಒಬ್ಬನೇ ಇಷ್ಟು ಹೊತ್ತು ಕುಳಿತಿರಲಾರನು, ಪಾಳಿ ಹಂಚಿಕೊಳ್ಳುತ್ತಾರೆ. ಆದರೆ ಎರಡನೆಯ ಪಾಳಿಗೆ ಯಾರಾದರೂ ಎಚ್ಚರವಿರಲೇಬೇಕಷ್ಟೆ.

ಮೂರನೆಯದು ಪರದೇಶದ ಗಡಿಯಾರ. ನ್ಯೂಯಾರ್ಕಿನ ಪೇಟೆ ಅಲ್ಲಿಯ ಬೆಳಗ್ಗೆ 9-30ಕ್ಕೆ ತೆರೆದು ಸಂಜೆ 4ಕ್ಕೆ ಮುಚ್ಚುತ್ತದೆ. ಅದು ನಮ್ಮಲ್ಲಿ ಬೇಸಗೆಯಲ್ಲಿ ಸಂಜೆ 7ರಿಂದ ರಾತ್ರಿ 1-30. ಚಳಿಗಾಲದಲ್ಲಿ ರಾತ್ರಿ 8ರಿಂದ 2-30. ಅಲ್ಲಿಯವರು ಬೇಸಗೆ ಬಂದಾಗ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಈ ವ್ಯತ್ಯಾಸ. ಅವರು ಮುಳ್ಳು ತಿರುಗಿಸಿದರೆ ಇಲ್ಲಿ ಗಿಫ್ಟ್ ಸಿಟಿಯ ಹುಡುಗನ ಊಟದ ಹೊತ್ತು ಸರಿಯುತ್ತದೆ! ಲಂಡನ್ನಿನ ಪೇಟೆ ನಮ್ಮ ಮಧ್ಯಾಹ್ನ 12-30ಕ್ಕೋ 1-30ಕ್ಕೋ ತೆರೆಯುವುದು. ಜಪಾನಿನದು ನಮ್ಮ ಬೆಳಗಿನ 5-30ಕ್ಕೆ.

ಈ ಗಡಿಯಾರಗಳಲ್ಲಿ ಯಾವುದಕ್ಕೆ ದುಡಿಯುವನೆಂಬುದರ ಮೇಲೆ ಗಣಿತಗಾರನ ಬಾಳು ನಿಂತಿದೆ. ಸ್ಥೂಲವಾಗಿ ನಾಲ್ಕು ಬಗೆಯವರನ್ನು ಹೇಳಬಹುದು. ತನ್ನ ಬಂಡವಾಳದಿಂದಲೇ ವ್ಯಾಪಾರ ಮಾಡುವ ಸಂಸ್ಥೆಯಲ್ಲಿ ಇರುವವನಿಗೆ ಪೇಟೆ ತೆರೆದಷ್ಟು ಹೊತ್ತು ಕಣ್ಣು ಮಿಟುಕಿಸಲು ಬಿಡುವಿಲ್ಲ. ಆದರೆ ಪೇಟೆ ಮುಚ್ಚಿದ ಮೇಲೆ ಒಂದಿಷ್ಟು ಉಸಿರಾಟ ಉಂಟು. ಬ್ಯಾಂಕಿನ ಅಪಾಯಗಣನೆಯ ವಿಭಾಗದಲ್ಲಿ ಇರುವವನಿಗೆ ಅಂಥ ತುರ್ತಿಲ್ಲ. ತಿಂಗಳ ಕೊನೆ, ಮಾರ್ಚಿಯ ಕೊನೆ ಬಂದರೆ ಮಾತ್ರ ಮನೆಗೆ ತಡ. ಪರದೇಶದ ಪೇಟೆಗೆ ದುಡಿಯುವವನಿಗೆ ರಾತ್ರಿಯೇ ಹಗಲು. ಸಂಶೋಧನೆಯಲ್ಲಿ ತೊಡಗಿದವನಿಗೆ ಹೊತ್ತಿನ ಕಟ್ಟು ಸಡಿಲ. ಆದರೆ ಬಿಡಿಸದ ಲೆಕ್ಕ ಸ್ನಾನದ ಮನೆಗೂ ಹಾಸಿಗೆಗೂ ಬೆನ್ನಟ್ಟಿ ಬರುವುದು.

೪. ಒಂದು ದಿನ

ಮೊದಲನೆಯ ಬಗೆಯ ತರುಣನೊಬ್ಬನ ದಿನವನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಂಡಿದ್ದೇವೆ. ಅವನ ಮನೆ ಅಹಮದಾಬಾದಿನಲ್ಲಿ, ಕೆಲಸ ಗಿಫ್ಟ್ ಸಿಟಿಯಲ್ಲಿ. 2024ರ ಸೆಪ್ಟೆಂಬರಿನಿಂದ ಅಲ್ಲಿಗೆ ಮೆಟ್ರೋ ರೈಲು ಹೋಗುತ್ತಿರುವುದರಿಂದ ಪ್ರಯಾಣ ಸುಲಭವಾಗಿದೆಯಂತೆ.

ಬೆಳಗ್ಗೆ ಆರಕ್ಕೆ ಏಳುತ್ತಾನೆ. ಏಳೂವರೆಯ ಹೊತ್ತಿಗೆ ಮೇಜಿನ ಮುಂದೆ ಇರುತ್ತಾನೆ. ಮೊದಲ ಕೆಲಸ ಸೂತ್ರ ಬಿಡಿಸುವುದಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುವುದು. ರಾತ್ರಿ ಬಂದ ಬೆಲೆಗಳ ಪಟ್ಟಿಯಲ್ಲಿ ಯಾವುದೋ ಸಂಖ್ಯೆ ಬಿಟ್ಟುಹೋಗಿರುತ್ತದೆ. ಒಂದು ಷೇರನ್ನು ಎರಡಾಗಿ ಒಡೆದುದರಿಂದ ಬೆಲೆ ಅರ್ಧಕ್ಕೆ ಇಳಿದಿದ್ದರೆ ಯಂತ್ರ ಅದನ್ನು ಮಹಾಪತನವೆಂದು ತಿಳಿಯುತ್ತದೆ. ಇಂಥವನ್ನು ತಿದ್ದಿ, ಯಂತ್ರಕ್ಕೆ ಇಂದಿನ ಮಿತಿಗಳನ್ನು ಕೊಡುತ್ತಾನೆ: ಇಷ್ಟಕ್ಕಿಂತ ಹೆಚ್ಚು ಕೊಳ್ಳಬೇಡ, ಇಷ್ಟು ನಷ್ಟವಾದರೆ ನಿಲ್ಲು.

ಒಂಬತ್ತೂಕಾಲಿಗೆ ಪೇಟೆ ತೆರೆದ ಮೇಲೆ ಕೊಳ್ಳುವವನೂ ಮಾರುವವನೂ ಯಂತ್ರವೇ. ಅದರ ವೇಗವನ್ನು ಮೈಕ್ರೋಸೆಕೆಂಡಿನಲ್ಲಿ ಅಳೆಯುತ್ತಾರೆ. ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಗಾಜಿನ ಎಳೆಯಲ್ಲಿ ಬೆಳಕು ಅಷ್ಟು ಹೊತ್ತಿನಲ್ಲಿ ಸುಮಾರು 200 ಮೀಟರು ಮಾತ್ರ ಸಾಗಬಲ್ಲದು. ಅಹಮದಾಬಾದಿನಿಂದ ಮುಂಬಯಿಗೆ ಎಳೆಯ ದಾರಿ 500 ಕಿಲೋಮೀಟರು ಎಂದಿಟ್ಟುಕೊಂಡರೆ ಅದಕ್ಕೆ 2500 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ಬೆಲೆ ಬೇರೆಯವನ ಪಾಲಾಗುವುದು! ಆದುದರಿಂದ ವೇಗದ ವ್ಯಾಪಾರ ಮಾಡುವವರು ತಮ್ಮ ಯಂತ್ರವನ್ನು ಮುಂಬಯಿಯ ಪೇಟೆಯ ಬಳಿಯಲ್ಲಿಯೇ ಇಟ್ಟಿರುತ್ತಾರೆ. ಮನುಷ್ಯ ಇಲ್ಲಿ, ಅವನ ಕೈ ಅಲ್ಲಿ.

ಹಾಗಾದರೆ ಈ ಆರು ಗಂಟೆ ಅವನು ಮಾಡುವುದೇನು? ಕಾಯುವುದು. ಹೊಲದಲ್ಲಿ ಅಟ್ಟಣೆಯ ಮೇಲೆ ಕುಳಿತು ಹಕ್ಕಿ ಕಾಯುವವನ ಹಾಗೆ. ಏನೂ ಆಗದ ದಿನ ಕೆಲಸವಿಲ್ಲವೆಂದು ತೋರುತ್ತದೆ; ಏನಾದರೂ ಆದ ದಿನ ಐದು ನಿಮಿಷದಲ್ಲಿ ತಿಂಗಳ ಗಳಿಕೆ ಹೋಗಬಹುದು. ಊಟದ ಡಬ್ಬಿಯನ್ನು ಪರದೆಯ ಮುಂದೆಯೇ ತೆರೆಯುತ್ತಾನೆ. ಮನೆಯಿಂದ ತಂದ ಜೋಳದ ರೊಟ್ಟಿ, ಪಕ್ಕದವನು ತಂದ ಥೇಪ್ಲಾ ಅದಲುಬದಲಾಗುತ್ತವೆ.

ಮೂರೂವರೆಗೆ ಪೇಟೆ ಮುಚ್ಚಿದರೆ ನಿಜವಾದ ಲೆಕ್ಕ ಆರಂಭ. ಯಂತ್ರ ಕೊಂಡೆನೆಂದುದಕ್ಕೂ ಪೇಟೆ ಕೊಟ್ಟೆನೆಂದುದಕ್ಕೂ ತಾಳೆ ನೋಡಬೇಕು. ಇಂದು ಲಾಭವಾಗಿದ್ದರೆ ಅದು ಲೆಕ್ಕದಿಂದಲೋ ಅದೃಷ್ಟದಿಂದಲೋ ಎಂದು ಪರೀಕ್ಷಿಸಬೇಕು. ಅವನ ಮಾತಿನಲ್ಲಿ ಹೇಳುವುದಾದರೆ ನಷ್ಟದ ದಿನಕ್ಕಿಂತ ಕಾರಣ ತಿಳಿಯದ ಲಾಭದ ದಿನವೇ ಹೆಚ್ಚು ಅಪಾಯದ್ದು. ಅನಂತರ ಹೊಸ ವಿಚಾರಗಳನ್ನು ಹಳೆಯ ವರ್ಷಗಳ ಬೆಲೆಗಳ ಮೇಲೆ ಹಚ್ಚಿ ನೋಡುವ ಕೆಲಸ. ಹತ್ತು ವಿಚಾರಗಳಲ್ಲಿ ಒಂಬತ್ತು ಕಸದ ಬುಟ್ಟಿಗೆ ಹೋಗುತ್ತವೆಂದು ಅವನು ನಗುತ್ತ ಹೇಳಿದನು. ಮನೆ ಸೇರುವಾಗ ರಾತ್ರಿ ಎಂಟು. ವಾರಕ್ಕೆ ಐದು ದಿನದಂತೆ ಲೆಕ್ಕ ಹಾಕಿದರೆ, ಪ್ರಯಾಣ ಬಿಟ್ಟು, ಐವತ್ತೈದರಿಂದ ಅರವತ್ತು ಗಂಟೆ.

ಶನಿವಾರ ಭಾನುವಾರ ಪೇಟೆಗೆ ಬಿಡುವು. ಆದರೆ ಪೇಟೆಯ ರಜೆಯೂ ಊರಿನ ಹಬ್ಬವೂ ಒಂದೇ ಅಲ್ಲ. ಜನವರಿ 14ರ ಉತ್ತರಾಯಣದಂದು ಅಹಮದಾಬಾದಿನ ಮಾಳಿಗೆಗಳೆಲ್ಲ ಗಾಳಿಪಟದವರಿಂದ ತುಂಬಿರುತ್ತವೆ. ಆ ದಿನ ಸಾಮಾನ್ಯವಾಗಿ ಪೇಟೆಗೆ ರಜೆಯಿಲ್ಲ. ನಮ್ಮ ನವೆಂಬರ್ 1ಕ್ಕೂ ಇಲ್ಲ. ದೀಪಾವಳಿಯಂದು ರಜೆಯಿದ್ದರೂ ಮುಹೂರ್ತದ ವ್ಯಾಪಾರವೆಂದು ಸುಮಾರು ಒಂದು ಗಂಟೆ ತೆರೆಯುತ್ತಾರೆ. ಗುಜರಾತಿನ ವರ್ತಕರು ಚೋಪಡಾ ಪೂಜೆ ಮಾಡುವ ಆ ಹೊತ್ತಿನಲ್ಲಿ ಗಣಿತಗಾರನೂ ತನ್ನ ಯಂತ್ರಕ್ಕೆ ಕುಂಕುಮವಿಟ್ಟು ಕುಳಿತುಕೊಳ್ಳುತ್ತಾನೆ.

೫. ಒಬ್ಬ ತಂದೆಯ ಪ್ರಶ್ನೆ

ಇನ್ನು ನಮ್ಮ ವಿದ್ಯಾರ್ಥಿಯ ವಿಷಯ. ಅವನ ತಂದೆ ರಬಕವಿ ಬನಹಟ್ಟಿಯ ಕಡೆಯ ನೇಕಾರರು. ಕೈಮಗ್ಗದಿಂದ ಹೊಟ್ಟೆ ತುಂಬದೆ ಸೂರತ್ತಿಗೆ ಬಂದು ಪವರ್ ಲೂಮಿನ ಕೆಲಸಕ್ಕೆ ನಿಂತರು. ಅಲ್ಲಿಯ ಎಷ್ಟೋ ಶೆಡ್ಡುಗಳಲ್ಲಿ ಹನ್ನೆರಡು ಗಂಟೆಯ ಪಾಳಿ. ಮಗನಾದರೂ ಕನ್ನಡ ಓದಲಿ ಎಂದು ಅವನನ್ನು ಈ ನಗರದಲ್ಲಿದ್ದ ಸೋದರಮಾವನ ಮನೆಯಲ್ಲಿ ಇಟ್ಟು ನಮ್ಮ ಶಾಲೆಗೆ ಸೇರಿಸಿದ್ದರು. ಹುಡುಗ ಹನ್ನೊಂದು ವರ್ಷಗಳ ಹಿಂದೆ ಹತ್ತನೆಯ ತರಗತಿ ಮುಗಿಸಿ, ಮುಂದೆ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದನು. ಕೆಲಸದ ಕರೆ ಬಂದಾಗ ಮೊದಲು ನಮ್ಮಲ್ಲಿಗೆ ಓಡಿಬಂದನು. ನಾವು ಸಂಬಳದ ಅಂಕಿಯನ್ನು ಕೇಳಿದೆವು. ಸಂತೋಷದಿಂದ ಬೆನ್ನು ತಟ್ಟಿದೆವು. ಹೊತ್ತೆಷ್ಟು ಎಂದು ಕೇಳಲಿಲ್ಲ.

ಅವನದು ನ್ಯೂಯಾರ್ಕಿನ ಗಡಿಯಾರದ ಕೆಲಸ. ಮಧ್ಯಾಹ್ನ ಮೂರೂವರೆಗೆ ಕುಳಿತರೆ ಏಳುವಾಗ ಬೆಳಗಿನ ಜಾವ ಮೂರೂವರೆ. ಹಗಲು ಮಲಗಲು ಪ್ರಯತ್ನಿಸುತ್ತಿದ್ದನು. ಬೀದಿಯ ಗದ್ದಲ, ಬೇಸಗೆಯ ಉರಿ ಮಲಗಗೊಡುತ್ತಿರಲಿಲ್ಲ. ತಂಗಿಯ ಮದುವೆಯ ನಿಶ್ಚಯದ ದಿನ ಕೂಡ ಹಸೆಯ ಪಕ್ಕದಲ್ಲಿ ತೂಕಡಿಸುತ್ತಿದ್ದನಂತೆ. ಎರಡನೆಯ ವರ್ಷದ ಕೊನೆಗೆ ಕಣ್ಣಿನ ಕೆಳಗೆ ಕಪ್ಪು, ಕೈಯಲ್ಲಿ ನಡುಕ. ತಂದೆ ಸೂರತ್ತಿನಿಂದ ರೈಲು ಹತ್ತಿ ನೇರವಾಗಿ ಶಾಲೆಗೆ ಬಂದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಅವರು ಹೇಳಿದ ಮಾತು ಇಷ್ಟೆ:

"ಮಾಸ್ತರ, ನಂದು ಹನ್ನೆರಡು ತಾಸಿನ ಪಾಳಿ. ಇವಂದೂ ಹನ್ನೆರಡ ಆತಲ್ರಿ. ಮತ್ತ ಸಾಲಿ ಯಾಕ ಕಲಿಸಿದ್ವಿ?"

ನಾವು ಏನು ಹೇಳಬೇಕಿತ್ತು? ಮಗನ ಸಂಬಳ ಹೆಚ್ಚೆಂದೇ? ಅದು ಅವರಿಗೆ ಗೊತ್ತಿತ್ತು. ಚಹ ತರಿಸಿಕೊಟ್ಟೆವು, ಅವರು ಕುಡಿದು ಹೋದರು.

ಈಗ ನಮಗೆ ತಿಳಿದಿರುವ ಉತ್ತರ ಇದು. ಹಿಂದೆ ಈ ನಗರದ ಗಿರಣಿಗಳಲ್ಲಿ ಭೋಂಗಾ ಕೂಗುತ್ತಿತ್ತು. ಅದು ದುಡಿಯುವವನನ್ನು ಕರೆಯುತ್ತಿತ್ತು. ಹೊತ್ತು ಮುಗಿದೊಡನೆ ಮನೆಗೂ ಕಳುಹಿಸುತ್ತಿತ್ತು. ಆ ಹೊತ್ತಿಗೊಂದು ಮಿತಿ ತರಲು ಕಾರ್ಮಿಕರು ದಶಕಗಳ ಕಾಲ ಹೋರಾಡಿದರು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿಯನ್ನು ಹಾಕಿತು. ಪೇಟೆಯ ಗಣಿತಗಾರನಿಗೆ ಭೋಂಗಾ ಇಲ್ಲ. ಅವನನ್ನು ಮನೆಗೆ ಕಳುಹಿಸುವವರು ಯಾರೂ ಇಲ್ಲ. ತಾನೇ ಏಳಬೇಕು. ಮಗ್ಗದ ಮುಂದೆ ನಿಂತ ತಂದೆಗೆ ಪಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಓದಿದ ಮಗನಿಗೆ ಇತ್ತು. ವಿದ್ಯೆ ಕೊಡುವುದು ದೊಡ್ಡ ಸಂಬಳವನ್ನಷ್ಟೇ ಅಲ್ಲ, ಕೇಳುವ ಬಾಯನ್ನೂ ಕೊಡುತ್ತದೆ. ನಾವು ಅವನಿಗೆ ಬೆಲೆಯನ್ನು ಎಣಿಸುವುದನ್ನು ಕಲಿಸಿದೆವು, ಹೊತ್ತನ್ನು ಎಣಿಸುವುದನ್ನು ಕಲಿಸಲಿಲ್ಲ. ತಪ್ಪು ಹುಡುಗನದಲ್ಲ, ನಮ್ಮದು.

ಹುಡುಗ ಆ ಕೆಲಸ ಬಿಟ್ಟನು. ಕೆಲವು ತಿಂಗಳು ಸುಮ್ಮನೆ ಇದ್ದು ಮೈ ಸುಧಾರಿಸಿಕೊಂಡನು. ಈಗ ಎರಡು ವರ್ಷದಿಂದ ವಡೋದರಾದಲ್ಲಿ, ಸಾಲ ಪಡೆದವರು ಹಿಂದಿರುಗಿಸುವ ಸಂಭವವನ್ನು ಅಳೆಯುವ ಕೆಲಸದಲ್ಲಿದ್ದಾನೆ. ಅದೂ ಇದೇ ಗಣಿತ. ಸಂಬಳ ಮೊದಲಿನದಕ್ಕಿಂತ ಕಡಿಮೆ. ಬೆಳಗ್ಗೆ ಒಂಬತ್ತೂವರೆಗೆ ಹೋಗಿ ಸಂಜೆ ಆರೂವರೆಗೆ ಹೊರಡುತ್ತಾನೆ. ಭಾನುವಾರ ಸೂರತ್ತಿಗೆ ಹೋಗಿ ತಂದೆಯೊಡನೆ ಊಟ ಮಾಡುತ್ತಾನೆ. ರಾತ್ರಿಯ ಕೆಲಸದಲ್ಲಿಯೇ ಆರೋಗ್ಯವಾಗಿ, ಸಂತೋಷವಾಗಿ ಇರುವವರನ್ನೂ ನಾವು ಬಲ್ಲೆವು. ಆದುದರಿಂದ ಆ ಕೆಲಸವೇ ಕೆಟ್ಟದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ತಿಳಿದು ಹೋಗಬೇಕೆಂಬುದೇ ನಮ್ಮ ಮಾತು.

೬. ಹೋಗುವವರಿಗೆ ನಾಲ್ಕು ಮಾತು

ಮೊದಲನೆಯದು, ಬುನಾದಿ. ಹತ್ತರ ನಂತರ ಗಣಿತವನ್ನು ಬಿಡಬೇಡಿರಿ. ಸಂಭವಗಣಿತ, ಸಂಖ್ಯಾಶಾಸ್ತ್ರ, ಗಣಕಯಂತ್ರದ ಕ್ರಮವಿಧಿ ಈ ಮೂರೂ ಬೇಕು. ಎಂಜಿನಿಯರಿಂಗ್ ಪ್ರವೇಶದ ಜೆ.ಇ.ಇ. ಮೇಯ್ನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಕಲ್ಕತ್ತೆಯಲ್ಲಿ 1931ರಲ್ಲಿ ಸ್ಥಾಪಿತವಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಇಲ್ಲಿಯೇ, ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ವಿಭಾಗ ಉಂಟು. ಇಂಗ್ಲಿಷ್ ಬೇಕೇ ಬೇಕು, ಅದನ್ನು ಕಲಿಯಬಹುದು. ಲೆಕ್ಕದ ಬುದ್ಧಿ ಮಾತೃಭಾಷೆಯಲ್ಲಿಯೇ ಬೆಳೆದಿದ್ದರೆ ಅದಕ್ಕೇನೂ ಕೊರತೆಯಿಲ್ಲ.

ಎರಡನೆಯದು, ವೃತ್ತಿಗೂ ಜೂಜಿಗೂ ಇರುವ ಭೇದ. ಕೈಯಲ್ಲಿ ಮೊಬೈಲಿದೆಯೆಂದು ವಾಯಿದೆ ವ್ಯಾಪಾರಕ್ಕೆ ಇಳಿದವನು ಗಣಿತಗಾರನಾಗುವುದಿಲ್ಲ. ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದಕ್ಕೂ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ವಾಯಿದೆ ಮತ್ತು ಆಪ್ಷನ್ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ದೊಡ್ಡ ಸಂಸ್ಥೆಗಳ ಲಾಭದ ಬಹುಪಾಲು ಯಂತ್ರಗಳ ಮೂಲಕ ಬಂದುದು. ಯಂತ್ರ ಗೆದ್ದ ಹಣದಲ್ಲಿ ಯಾರದೋ ಮನೆಯ ದುಡ್ಡು ಸೇರಿರಬಹುದೆಂಬುದನ್ನು ಗಣಿತಗಾರನಾಗುವವನೂ ಮರೆಯಲಾಗದು.

ಮೂರನೆಯದು, ಕೆಲಸದ ಕರೆ ಬಂದಾಗ ಕೇಳತಕ್ಕ ಪ್ರಶ್ನೆಗಳು. ಯಾವ ಪೇಟೆಯ ಗಡಿಯಾರ? ಎಷ್ಟು ಗಂಟೆಗೆ ಆರಂಭ, ಎಷ್ಟು ಗಂಟೆಗೆ ಬಿಡುಗಡೆ? ರಾತ್ರಿಪಾಳಿ ಸರದಿಯ ಮೇಲೋ ಸದಾಕಾಲವೋ? ಭಾನುವಾರ ಕರೆ ಬಂದರೆ ಹೋಗಬೇಕೇ? ಕೆಲಸ ಬಿಟ್ಟ ಮೇಲೆ ಇನ್ನೊಂದು ಸಂಸ್ಥೆಯನ್ನು ಸೇರಲು ಎಷ್ಟು ತಿಂಗಳು ಕಾಯಬೇಕು? ಕೆಲವು ಸಂಸ್ಥೆಗಳು ತಮ್ಮ ಲೆಕ್ಕದ ಗುಟ್ಟು ಹೊರಹೋಗದಿರಲೆಂದು ಇಂಥ ಕರಾರು ಬರೆಸಿಕೊಳ್ಳುವುದುಂಟು. ಈ ಪ್ರಶ್ನೆಗಳನ್ನು ಕೇಳಿದರೆ ಮುನಿದುಕೊಳ್ಳುವವರಲ್ಲಿ ಕೆಲಸ ಮಾಡದಿರುವುದೇ ಲೇಸು.

ನಾಲ್ಕನೆಯದು, ನಿದ್ರೆ. ತನ್ನ ತಪ್ಪನ್ನು ತಾನೇ ಕಂಡುಹಿಡಿಯುವುದೇ ಈ ವೃತ್ತಿಯ ಜೀವಾಳ. ನಿದ್ರೆಗೆಟ್ಟವನಿಗೆ ತಪ್ಪು ಕಾಣದು. ಯಂತ್ರಕ್ಕೆ "ಇಷ್ಟಾದರೆ ನಿಲ್ಲು" ಎಂದು ಮಿತಿ ಬರೆದುಕೊಡುವವನು ತನಗೂ ಒಂದು ಮಿತಿಯನ್ನು ಬರೆದುಕೊಳ್ಳಬೇಡವೆ?

ಅಭ್ಯಾಸ

1. ಐದು ಮಾತ್ರೆಯ ಗಣದ ಎಂಟು ಬಗೆಗಳನ್ನೂ ಲಘು ಗುರುಗಳಲ್ಲಿ ಬರೆಯಿರಿ.

2. ಮೇಲಿನ ಲೆಕ್ಕದಲ್ಲಿ ನೂರಕ್ಕೆ ಐವತ್ತೆರಡು ವ್ಯವಹಾರಗಳು ಗೆದ್ದರೆ ಖರ್ಚು ಕಳೆದು ಉಳಿಯುವುದೆಷ್ಟು?

3. ನ್ಯೂಯಾರ್ಕಿನಲ್ಲಿ ಚಳಿಗಾಲದ ಮಧ್ಯಾಹ್ನ 12 ಗಂಟೆಯಾದಾಗ ನಮ್ಮ ಶಾಲೆಯ ಗಡಿಯಾರದಲ್ಲಿ ಎಷ್ಟು?

4. ನಿಮ್ಮ ಮನೆಯಲ್ಲಿ ದುಡಿಯುವವರೊಬ್ಬರ ಬಳಿ ಕುಳಿತು, ಅವರ ಒಂದು ದಿನವನ್ನು ದುಡಿಮೆ, ಪ್ರಯಾಣ, ಮನೆಗೆಲಸ, ಊಟ, ನಿದ್ರೆ ಎಂದು ಭಾಗ ಮಾಡಿ ಬರೆಯಿರಿ. ಮೊತ್ತ 24 ಗಂಟೆ ಬರಬೇಕು. ಬರೆದುದನ್ನು ಅವರಿಗೆ ಓದಿ ಹೇಳಿರಿ.